ಬಾಯಿಬಿಟ್ಟು ಹೇಳದಿದ್ದರೆ

ಹ್ಯಾಸ್ಕೆಲ್ ಭಾಷೆಯ ಅಭಿಮಾನಿಗಳಾದ ನಮಗೆ ಒಂದು ಜಂಬ: ಯಾವುದರ ಟೈಪ್ ಏನೆಂದು ನಾವು ಬರೆಯಬೇಕಿಲ್ಲ, ಕಂಪೈಲರೇ ತಿಳಿದುಕೊಳ್ಳುತ್ತದೆ. ಮದುವೆಮನೆಯ ಸೋದರತ್ತೆ ಮೂಗು ನೋಡಿಯೇ ಮನೆತನ ಹೇಳುವಂತೆ, ಅದು ಬಳಕೆ ನೋಡಿಯೇ ಟೈಪ್ ಹೇಳುತ್ತದೆ. ಇದರ ಬೆನ್ನಿಗೆ ಹಿಂಡ್ಲಿ 1969ರಲ್ಲಿ, ಮಿಲ್ನರ್ 1978ರಲ್ಲಿ ಪ್ರಕಟಿಸಿದ ಸಿದ್ಧಾಂತವಿದೆ. ಸೋದರತ್ತೆಗೆ ಅದೂ ಬೇಕಿಲ್ಲ.

‘ಕೂಡು ಅ ಬ = ಅ + ಬ’ ಎಂದು ಫಂಕ್ಷನ್ ಬರೆಯಿರಿ. ಪೂರ್ಣಾಂಕವೋ ದಶಾಂಶವೋ, ಯಾವ ಸಂಖ್ಯೆ ಬಂದರೂ ಕಂಪೈಲರ್ ಸ್ವಾಗತಿಸುತ್ತದೆ. ಅ, ಬ ಏಕೆ ದಂಡಕ್ಕೆ ಎಂದು ‘ಕೂಡು = (+)’ ಎಂದಷ್ಟೇ ಬರೆಯಿರಿ. ಗಣಿತದ ಮೇಷ್ಟ್ರು ಎರಡಕ್ಕೂ ಪೂರ್ತಿ ಅಂಕ ಕೊಟ್ಟಾರು. ಕಂಪೈಲರ್ ಮಾತ್ರ ಮುಖ ಸಿಂಡರಿಸುತ್ತದೆ. ಫೈಲಿನಲ್ಲಿ ಬೇರೆ ಸುಳಿವು ಸಿಗದಿದ್ದರೆ, ಈ ‘ಕೂಡು’ ಇನ್ನು ಮುಂದೆ ಪೂರ್ಣಾಂಕಗಳಿಗೆ ಮಾತ್ರ ಎಂದು ತೀರ್ಪು ಕೊಡುತ್ತದೆ. ಒಂದು ಕಡೆ ಪೂರ್ಣಾಂಕ, ಇನ್ನೊಂದು ಕಡೆ ದಶಾಂಶ ಕೂಡಿಸಹೊರಟರೆ ರಂಪವೇ ಆಗುತ್ತದೆ.

ಈ ಕಟ್ಟಳೆಯ ಹೆಸರು ಮೊನೊಮಾರ್ಫಿಸಂ ರಿಸ್ಟ್ರಿಕ್ಷನ್. ಹೆಸರಿನಷ್ಟು ಕ್ರೂರಿಯಲ್ಲ, ಕಾರಣವೂ ಉಂಟು. ಸಮಚಿಹ್ನೆಯ ಎಡಕ್ಕೆ ಬರಿಯ ಹೆಸರಿದ್ದರೆ, ಅದರ ಬೆಲೆಯನ್ನು ಒಮ್ಮೆ ಲೆಕ್ಕಹಾಕಿ ಇಟ್ಟುಕೊಂಡರಾಯಿತು ಎಂದು ನಾವು ನಂಬುತ್ತೇವೆ. ಅದಕ್ಕೆ ಎಲ್ಲ ಬಗೆಯ ಸಂಖ್ಯೆಯೂ ಆಗಬಹುದೆಂದರೆ, ಅದು ಒಳಗೊಳಗೇ ಫಂಕ್ಷನ್ ಆಗಿ, ಕರೆದಾಗಲೆಲ್ಲ ಅದೇ ಲೆಕ್ಕವನ್ನು ಮತ್ತೆ ಹಾಕುತ್ತ ಕೂರಬಹುದು. ನಮ್ಮ ಸಮಯ ಉಳಿಸಲೆಂದೇ ಈ ಕಟ್ಟಳೆ. ಅದು ಉಳಿಸಿದ ಸಮಯವೆಲ್ಲ ಅದನ್ನು ಅರ್ಥಮಾಡಿಕೊಳ್ಳುವುದಕ್ಕೇ ಸರಿಹೋಗುತ್ತದೆ ಎಂಬುದು ಬೇರೆ ಮಾತು.

ಮೋಜೆಂದರೆ, ಜಿಎಚ್‌ಸಿ ಕಂಪೈಲರಿನ 2014ರ 7.8 ಆವೃತ್ತಿಯಿಂದೀಚೆಗೆ, ಬರೆದ ಸಾಲನ್ನು ಆಗಿಂದಾಗಲೇ ನಡೆಸಿ ತೋರಿಸುವ ಜಿಎಚ್‌ಸಿಐ ಪ್ರಾಂಪ್ಟಿನಲ್ಲಿ ಈ ಕಟ್ಟಳೆಗೆ ರಜೆ. ಅಲ್ಲಿ ನಗುನಗುತ್ತ ದಶಾಂಶ ಕೂಡಿಸಿಕೊಟ್ಟ ಅದೇ ಸಾಲು, ಫೈಲಿಗೆ ಬಂದೊಡನೆ ಮಡಿ ಉಟ್ಟುಕೊಳ್ಳುತ್ತದೆ.

ಎಲ್ಲ ಎಚ್ಚರಿಕೆಗಳನ್ನೂ ತೋರಿಸೆಂದು ಕಂಪೈಲರನ್ನು ಕೇಳಿಕೊಂಡರೆ ಇನ್ನೂ ಚೆಂದ. “ಇದಕ್ಕೆ ಟೈಪ್ ಬರೆದಿಲ್ಲ” ಎಂದು ಗೊಣಗಿ, ಬರೆಯಬೇಕಾದ್ದನ್ನೂ ಅದೇ ತಿಳಿಸುತ್ತದೆ: ಪೂರ್ಣಾಂಕ! ಅದನ್ನೇ ನಕಲು ಮಾಡಿಕೊಂಡರೆ, ಅದು ಕೊಟ್ಟ ತೀರ್ಪು ನನ್ನ ಹೆಸರಿನಲ್ಲಿ ಕಾಯಂ ಆಗುತ್ತದೆ. ಹಾಗಾಗಿ ನಾನು ‘ಯಾವ ಸಂಖ್ಯೆಯಾದರೂ ಸರಿ’ ಎಂಬರ್ಥದ ಒಂದು ಟೈಪ್ ಸಾಲನ್ನು ಮೇಲೆ ಬರೆಯುತ್ತೇನೆ. ಕಂಪೈಲರ್ ಚಕಾರವೆತ್ತದೆ ಒಪ್ಪಿಬಿಡುತ್ತದೆ. ಇಷ್ಟು ಸಲೀಸಾಗಿ ಒಪ್ಪುವುದಿದ್ದರೆ ಅಷ್ಟೆಲ್ಲ ರಂಪ ಏಕೆ ಬೇಕಿತ್ತು ಎಂದು ಮಾತ್ರ ಕೇಳಬಾರದು. ಅದಕ್ಕೂ ಅದರ ಬಳಿ ಕಾರಣವಿದ್ದೀತು.