ಹೊಸಾದು ಬರತೈತಿ, ತಡೀರಿ

ಕಾಯುವುದಕ್ಕೆಂದೇ ಜಗತ್ತಿನ ಅತಿ ಉದ್ದದ ಜಾಗ ಕಟ್ಟಿಸಿಕೊಂಡ ಊರು ನಮ್ಮದು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್. 2023ರ ಮಾರ್ಚ್ 12ರಂದು ಪ್ರಧಾನಿಗಳು ಬಂದು ಅದನ್ನು ದೇಶಕ್ಕೆ ಅರ್ಪಿಸಿದರು. ಅದೇ ದಿನ ಧಾರವಾಡದ ಐಐಟಿಯ ಹೊಸ ಕ್ಯಾಂಪಸ್ಸೂ ಉದ್ಘಾಟನೆಯಾಯಿತು. ಹೀಗೆ ಒಂದೇ ದಿನ ಅವಳಿ ನಗರಕ್ಕೆ ಕಾಯುವ ಜಾಗವೂ ಸಿಕ್ಕಿತು, ಕಾಯುತ್ತ ಕೂತಾಗ ಮಾತಾಡಲು ವಿಷಯ ಒದಗಿಸುವ ಹುಡುಗರಿಗೆ ಸೂರೂ ಸಿಕ್ಕಿತು.

ಈಗಿನ ವಿಷಯ ಗ್ರಾಫಿಕ್ಸ್ ಕಾರ್ಡು. ಅಂಗಡಿಯಲ್ಲಿರುವುದಲ್ಲ, ಇನ್ನೂ ಹುಟ್ಟದೇ ಇರುವುದು. ಅಂಗಡಿಯಲ್ಲಿರುವ ಕಾರ್ಡಿನ ಬಗ್ಗೆ ಮಾತಾಡಲು ಏನಿದೆ? ಅದರ ಮೆಮೊರಿ ಎಷ್ಟೆಂದು ಗೊತ್ತು, ದರ ಗೊತ್ತು, ನಮ್ಮ ಕಿಸೆಯಲ್ಲಿ ಅಷ್ಟು ರೊಕ್ಕ ಇಲ್ಲವೆಂಬುದೂ ಗೊತ್ತು. ಬರಲಿರುವ ಕಾರ್ಡಿಗೆ ಈ ತೊಡಕೊಂದೂ ಇಲ್ಲ. ಅದು ಈಗಿನದಕ್ಕಿಂತ ಎರಡು ಪಟ್ಟು ಜೋರು, ದರ ಅರ್ಧ, ಬಿಸಿಯಂತೂ ಆಗುವುದೇ ಇಲ್ಲ. ವಿದ್ಯಾನಗರದ ಚಹಾದಂಗಡಿಗಳ ಮುಂದೆ ಗಿರಮಿಟ್ ತಿನ್ನುತ್ತ ನಿಂತ ಹುಡುಗರು ದಿನಾ ಸಂಜೆ ಈ ಕಾರ್ಡನ್ನು ಬಾಯಲ್ಲೇ ಕಟ್ಟುತ್ತಾರೆ. ಮೊದಲ ಚಹಾಕ್ಕೆ 16 ಜಿಬಿ ಇದ್ದದ್ದು ಎರಡನೆಯ ಚಹಾಕ್ಕೆ 24 ಆಗಿರುತ್ತದೆ. ಮೇಲೆ ಮಿರ್ಚಿ ತರಿಸಿದರೆ 32ಕ್ಕೂ ಹೋಗಬಹುದು.

ನಮ್ಮ ಮನೆಯಲ್ಲೂ ಇಂಥ ಒಬ್ಬ ದೈವಜ್ಞನಿದ್ದಾನೆ, ನನ್ನ ಮಗ. ಅವನ ಕಂಪ್ಯೂಟರಿನ ಕಾರ್ಡು ಹಳೆಯದಾಗಿ, ಆಟದ ನಡುವೆ ಚಿತ್ರ ನಿಂತು ನಿಂತು ಓಡುತ್ತಿತ್ತು. ದೀಪಾವಳಿಗೆ ನಾನೇ ಕರೆದು, "ಯಾವುದು ಬೇಕು ಹೇಳೋ, ಕೊಡಸ್ತೀನಿ" ಅಂದೆ. ಅಪ್ಪ ತಾನಾಗಿಯೇ ರೊಕ್ಕ ಬಿಚ್ಚಿದರೆ ಮಗ ಕುಣಿದಾಡಬೇಕು. ಇವನು ನನ್ನನ್ನು ಕನಿಕರದಿಂದ ನೋಡಿದ.

"ಈಗ ತಗೊಂಡ್ರ ಮಂದಿ ನಗತಾರಪ್ಪಾ. ಹೊಸಾದು ಬರತೈತಿ, ತಡಿ."

ತಡೆದೆ. ಹೊಸದು ಬಂತು. ಆಗ, "ಇದರದ್ದು 'ಸೂಪರ್' ಮಾಡೆಲ್ ಬರತೈತಂತ, ತಡಿ" ಅಂದ. ಆ ರೊಕ್ಕವನ್ನು ನಾನು ಬ್ಯಾಂಕಿನಲ್ಲಿ ಮುದ್ದತಿ ಠೇವಣಿ ಇಟ್ಟೆ. ಅದು ಬಡ್ಡಿ ತರುತ್ತಿದೆ. ಬರಲಿರುವ ಕಾರ್ಡುಗಳ ವದಂತಿ ಹಬ್ಬಿಸುವ ಅನಾಮಧೇಯ ಮಹಾನುಭಾವರಿಗೆ ನಾನು ಋಣಿಯಾದದ್ದು ಅಂದಿನಿಂದ.

ಕೊಪ್ಪೀಕರ ರಸ್ತೆಯ ಕಡೆ ನನಗೆ ಪರಿಚಯದ ಕಂಪ್ಯೂಟರ್ ಅಂಗಡಿಯವರೊಬ್ಬರಿದ್ದಾರೆ. ಅವರಿಗೆ ಮಾತ್ರ ಈ ಋಣದ ಭಾವನೆ ಇಲ್ಲ. "ಏನ್ ಹೇಳ್ಲಿ ಸರ, ಹುಡುಗ್ರು ಬರ್ತಾರ, ಒಂದು ತಾಸು ನಿಂತು ಬರೂ ವರ್ಷದ ಕಾರ್ಡಿನ ಕಥಿ ನನಗ ಹೇಳ್ತಾರ, ಆಮ್ಯಾಲ ಒಂದು ಮೌಸ್ ಪ್ಯಾಡ್ ತಗೊಂಡು ಹೋಗ್ತಾರ. ಅದರಾಗೂ ಚೌಕಾಶಿ!"

ಭವಿಷ್ಯ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಧಾರವಾಡ ತಾಲ್ಲೂಕಿನ ಹನುಮನಕೊಪ್ಪದಲ್ಲಿ ಯುಗಾದಿ ಅಮಾವಾಸ್ಯೆಯ ದಿನ ತುಪ್ಪರಿಹಳ್ಳದ ದಂಡೆಗೆ ಗೊಂಬೆ, ಕಾಳು ಇಟ್ಟು ಬರುತ್ತಾರೆ. ಪಾಡ್ಯದ ಮುಂಜಾನೆ ಹೋಗಿ, ಏನು ಮುರಿದಿದೆ ನೋಡಿ ಮಳೆ, ಬೆಳೆ, ಸರಕಾರ ಇವುಗಳ ಗತಿ ಹೇಳುತ್ತಾರೆ. ಹನುಮನಕೊಪ್ಪದವರು ವರ್ಷಕ್ಕೊಮ್ಮೆ ಹೇಳಿ ಹೊಲದ ಕೆಲಸಕ್ಕೆ ಹೋಗುತ್ತಾರೆ. ಕಾರ್ಡಿನವರಿಗೆ ಹೊಲ ಇಲ್ಲ, ಹಾಗಾಗಿ ದಿನಾ ಗೊಂಬೆ ಇಡುತ್ತಾರೆ. ಗೊಂಬೆಯ ಕೈ ಮುರಿದರೆ ದರ ಏರಿತು, ಕಾಲು ಮುರಿದರೆ ಬಿಡುಗಡೆ ಮುಂದಕ್ಕೆ ಹೋಯಿತು.

ಅವರ ಗೊಂಬೆಗಳೂ ತರಹೇವಾರಿ. ಕಂಪನಿಯವರು ಲಿನಕ್ಸ್‌ಗೆಂದು ಬರೆದು ಬಹಿರಂಗವಾಗಿ ಇಟ್ಟ ಡ್ರೈವರಿನಲ್ಲಿ ಇನ್ನೂ ಬಾರದ ಚಿಪ್ಪಿನ ಸಂಖ್ಯೆ ಇಣುಕುವುದು ಒಂದು. ಯಾರೋ ಗುಟ್ಟಾಗಿ ಓಡಿಸಿದ ಪರೀಕ್ಷೆಯ ಅಂಕ ಬೆಳಗಾಗುವಷ್ಟರಲ್ಲಿ ಜಗಜ್ಜಾಹೀರಾಗುವುದು ಇನ್ನೊಂದು. 2022ರ ಫೆಬ್ರವರಿಯಲ್ಲಿ ಕಳ್ಳರು ಕಾರ್ಡು ತಯಾರಿಸುವ ಎನ್ವಿಡಿಯಾ ಕಂಪನಿಯ ಕಂಪ್ಯೂಟರುಗಳಿಗೇ ಕನ್ನ ಹಾಕಿದಾಗ ಮುಂದಿನ ಪೀಳಿಗೆಗಳ ಒಳಹೆಸರುಗಳೆಲ್ಲ ಬೀದಿಗೆ ಬಿದ್ದವು. ಆದರೆ ನನಗೆ ಹೆಚ್ಚು ಪ್ರೀತಿ ಹುಟ್ಟಿಸಿದ್ದು ನಮ್ಮ ದೇಶದ ಕಸ್ಟಮ್ಸ್ ಪಟ್ಟಿ. ಸುಮಾರು ಹತ್ತು ವರ್ಷದ ಹಿಂದೆ, ಜೌಬಾ ಎಂಬ ಭಾರತದ ಜಾಲತಾಣ ಆಮದು ರಫ್ತಿನ ವಿವರ ಹಾಕುತ್ತಿತ್ತು. ಪರೀಕ್ಷೆಗೆಂದು ಭಾರತಕ್ಕೆ ಬಂದ ಮಾದರಿ ಕಾರ್ಡುಗಳೂ ಅದರಲ್ಲಿ ದಾಖಲಾಗುತ್ತಿದ್ದವು, ರೂಪಾಯಿ ಲೆಕ್ಕದ ಬೆಲೆ ಸಮೇತ. ಅಮೆರಿಕ, ಜರ್ಮನಿಯ ಪಂಡಿತರು ರೂಪಾಯಿಯನ್ನು ಡಾಲರಿಗೆ ಗುಣಿಸಿ ಭಾಗಿಸಿ ಬರಲಿರುವ ಕಾರ್ಡಿನ ಜಾತಕ ಬರೆಯುತ್ತಿದ್ದರು. ನಮ್ಮ ಕಸ್ಟಮ್ಸ್ ಗುಮಾಸ್ತರ ಬರವಣಿಗೆಯನ್ನು ಲೋಕ ಅಷ್ಟು ಶ್ರದ್ಧೆಯಿಂದ ಓದಿದ್ದು ಇನ್ನೊಮ್ಮೆ ಇರಲಾರದು.

ಆ ಮಾದರಿಗಳು ಭಾರತಕ್ಕೆ ಬರುವುದಕ್ಕೆ ಕಾರಣವಿದೆ. ಈ ಚಿಪ್ಪುಗಳ ವಿನ್ಯಾಸದ ದೊಡ್ಡ ಪಾಲು ಆಗುವುದು ಇಲ್ಲೇ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಎನ್ವಿಡಿಯಾ, ಇಂಟೆಲ್, ಕ್ವಾಲ್‌ಕಾಮ್ ಎಲ್ಲವೂ ಅಲ್ಲಿವೆ. 2019ರ ಡಿಸೆಂಬರಿನಲ್ಲಿ ಇಂಟೆಲ್ಲಿನ ಆಗಿನ ಗ್ರಾಫಿಕ್ಸ್ ಮುಖ್ಯಸ್ಥ ರಾಜಾ ಕೊಡೂರಿಯವರು ಬೆಂಗಳೂರಿನ ತಂಡವನ್ನು ಹೊಗಳಿ, ಭಾರತದಲ್ಲಿ ವಿನ್ಯಾಸಗೊಂಡ ಅತಿ ದೊಡ್ಡ ಚಿಪ್ಪು ಬರುತ್ತಿದೆ, ತಂಡದವರು ಅದನ್ನು 'ಬಾಪ್ ಆಫ್ ಆಲ್' ಅನ್ನುತ್ತಾರೆ ಎಂದು ಸಾರಿದರು. ಎಲ್ಲರ ಅಪ್ಪ! ಜಗತ್ತೇ ಆ ಅಪ್ಪನಿಗಾಗಿ ಕಾದಿತು. 2021ರಲ್ಲಿ ಅವರೇ, ಎಕ್ಸ್‌ಇ ಎಚ್‌ಪಿ ಎಂಬ ಆ ಬಗೆಯ ಚಿಪ್ಪು ಮಾರುಕಟ್ಟೆಗೆ ಬರುವುದಿಲ್ಲ ಅಂದರು. ಅಪ್ಪ ಮನೆಯಿಂದ ಹೊರಗೇ ಬರಲಿಲ್ಲ. ಮಗನಿಗೆ ಈ ಕಥೆ ಹೇಳಿದೆ. "ಅದಕ್ಕ ಹೇಳಿದ್ದು, ಅವಸರ ಮಾಡಬಾರದು" ಅಂದ.

ನನ್ನ ಅಕ್ಕನ ಮಗ ಬೆಂಗಳೂರಿನ ಇಂಥದೇ ಒಂದು ಕಂಪನಿಯಲ್ಲಿದ್ದಾನೆ. ಗ್ರಾಫಿಕ್ಸ್ ಚಿಪ್ಪಿನ ಯಾವುದೋ ಮೂಲೆಯ ಕೆಲಸ. ಯಾವ ಮೂಲೆ ಎಂದೂ ಹೇಳುವುದಿಲ್ಲ. ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದಾನೆ. ಕಳೆದ ಯುಗಾದಿಗೆ ಅವನು ಊರಿಗೆ ಬಂದ. ಮಗ ಬಾಗಿಲಲ್ಲೇ ಹಿಡಿದ.

"ಅಣ್ಣಾ, 24 ಜಿಬಿ ಇರತೈತೇನು?"

"ಹೇಳಾಕ ಬರೂದಿಲ್ಲೋ ತಮ್ಮಾ."

"ಬರೂದಿಲ್ಲ ಅಂದ್ರ ಗೊತ್ತೈತಿ ಅಂದಂಗಾತು."

"ಗೊತ್ತಿದ್ರೂ ಹೇಳಾಂಗಿಲ್ಲ, ಗೊತ್ತಿಲ್ಲ ಅಂತನೂ ಹೇಳಾಂಗಿಲ್ಲ."

ನನಗೆ ಅಳಿಯನ ಮೇಲೆ ಅಯ್ಯೋ ಪಾಪ ಅನಿಸಿತು. ನಮ್ಮ ಮನೆಯ ಜಗಲಿಯಲ್ಲಿ ಆ ದಿನ ಆರೇಳು ಹುಡುಗರು ಕಾರ್ಡಿನ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದರು. ಅವರಲ್ಲಿ ಏನಾದರೂ ಬಲ್ಲವನು ಇವನೊಬ್ಬ. ಮೂಲೆಯ ಕುರ್ಚಿಯಲ್ಲಿ ಕೂತು ಬೇವು ಬೆಲ್ಲ ಮೆಲ್ಲುತ್ತಿದ್ದ.

ಊಟಕ್ಕೆ ಕೂತಾಗ ಮಗ ಹೊಸ ಉಪಾಯ ಹೂಡಿದ. "ಅಣ್ಣಾ, ನೀ ಬಾಯಿ ಬಿಡಬ್ಯಾಡ. 24 ಜಿಬಿ ಇದ್ರ ಇನ್ನೊಂದು ಹೋಳಿಗಿ ಹಾಕಿಸ್ಕೋ, ಇಲ್ಲಂದ್ರ ಬ್ಯಾಡನ್ನು." ಅಳಿಯ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತ. ಹೋಳಿಗೆ ಅಂದರೆ ಜೀವ ಬಿಡುವ ಹುಡುಗ. ಕಂಪನಿಯ ನಿಷ್ಠೆಗಾಗಿ ಅದನ್ನೂ ತ್ಯಜಿಸಿದ. ಈ ಒಪ್ಪಂದದ ಸುದ್ದಿ ಗೊತ್ತಿಲ್ಲದ ನಮ್ಮಾಕಿ ಬಂದು, "ಯಾಕೋ, ಬೆಂಗಳೂರಿಗೆ ಹೋಗಿ ಸಣ್ಣಾಗಿ ನೋಡು" ಎಂದು ಕೈ ಸರಿಸಿ ಒಂದಲ್ಲ, ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ಹಬ್ಬದ ದಿನ ಅತ್ತೆ ಹಾಕಿದ್ದನ್ನು ಎಲೆಯಲ್ಲಿ ಬಿಡಲಾದೀತೆ? ತಿಂದ.

ಸಂಜೆಯ ಹೊತ್ತಿಗೆ ವಿದ್ಯಾನಗರದಿಂದ ಧಾರವಾಡದ ಸಪ್ತಾಪುರದವರೆಗೆ ಸುದ್ದಿ ಹಬ್ಬಿತ್ತು: 24 ಜಿಬಿ ಪಕ್ಕಾ, 48 ಇದ್ದರೂ ಇರಬಹುದು, ಬೆಂಗಳೂರಿನ ಒಳಗಿನ ಮಂದಿಯೇ ಹೇಳಿದ್ದು. ಆ ಒಳಗಿನ ಮಂದಿ ಆಗ ನಮ್ಮ ಒಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಅಂದಿನಿಂದ ಯಾವುದೇ ಸೋರಿಕೆಯ ಸುದ್ದಿ ಓದಿದರೂ, ಇದರ ಹಿಂದೆ ಹೋಳಿಗೆ ಬಡಿಸಿದ ಕೈ ಯಾರದು ಎಂದು ನಾನು ಯೋಚಿಸುತ್ತೇನೆ.

ಭವಿಷ್ಯ ಸುಳ್ಳಾದರೆ ಯಾರೂ ಲೆಕ್ಕ ಇಡುವುದಿಲ್ಲ. ಆರ್‌ಟಿಎಕ್ಸ್ 4090 ಎಂಬ ಎನ್ವಿಡಿಯಾ ಕಾರ್ಡು ಬರುವ ಮುಂಚೆ ಆ ಪೀಳಿಗೆಯ ಕಾರ್ಡು 600 ವ್ಯಾಟ್ ಎಳೆಯುತ್ತದೆ ಎಂದರು, 900 ಎಂದರು. 2022ರ ಅಕ್ಟೋಬರಿನಲ್ಲಿ ಅದು ಬಂದಾಗ 450 ಇತ್ತು. ಮುಂದಿನ 5090 ಮಾತ್ರ 575ಕ್ಕೆ ಏರಿತು. 2025ರ ಜನವರಿಯಲ್ಲಿ ಘೋಷಣೆಯಾದಾಗ ಅದರ ಭಾರತದ ದರ 2,14,000 ರೂಪಾಯಿಯಿಂದ ಶುರು. ಆಗ ನಮ್ಮಾಕಿ ಕೇಳಿದಳು, "ಎರಡು ತೊಲಿ ಬಂಗಾರ ಬಂದು ಮ್ಯಾಲ ರೊಕ್ಕ ಉಳೀತಾವಲ್ಲ? ಬಂಗಾರಕ್ಕ ಕರೆಂಟೂ ಬೇಕಾಗಿಲ್ಲ." ಮಗನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನ ಬಳಗದಲ್ಲೂ ಇದ್ದಂತಿಲ್ಲ.

ಮೊಬೈಲಿನ ಕಥೆ ಬೇರೆ. ಅಲ್ಲಿ ಕಾಯುವವರು ನನ್ನ ತಮ್ಮನ ಮಕ್ಕಳು, ಬಿಜಿಎಂಐ ಎಂಬ ಮೊಬೈಲ್ ಆಟ ಆಡುವವರು. ಕ್ವಾಲ್‌ಕಾಮ್ ಚಿಪ್ಪಿನ ಫೋನುಗಳ ಗ್ರಾಫಿಕ್ಸಿನ ಹಿಂದಿನ ಕುಶಲತೆಯನ್ನು ಎಎಂಡಿ 2009ರಲ್ಲಿ 65 ಮಿಲಿಯನ್ ಡಾಲರಿಗೆ ಆ ಕಂಪನಿಗೇ ಮಾರಿ ಕೈತೊಳೆದುಕೊಂಡಿತ್ತು. ಅದೇ ಎಎಂಡಿ 2022ರಲ್ಲಿ ಸ್ಯಾಮ್ಸಂಗಿನ ಎಕ್ಸಿನೋಸ್ 2200 ಚಿಪ್ಪಿನ ಮೂಲಕ ಫೋನಿಗೆ ಮರಳಿತು. ಜನವರಿ 11ಕ್ಕೆಂದು ಸಾರಿದ್ದ ಚಿಪ್ಪು ಆ ದಿನ ಬರಲೇ ಇಲ್ಲ. ಒಂದು ವಾರ ಬಿಟ್ಟು 18ಕ್ಕೆ ಬಂತು. ಆ ವಾರದಲ್ಲಿ ಅದಕ್ಕೆ ತಿಥಿ ಮಾಡಿ ಮುಗಿಸಿದವರೂ ಇದ್ದರು. ಫೋನಿನ ಹುಡುಗರಲ್ಲಿ ಮಾತ್ರ ಒಂದು ಒಳ್ಳೆಯ ಗುಣವಿದೆ. ಫೋನು ಕೈಜಾರಿ ಬಿದ್ದು ಒಡೆಯುತ್ತದೆ, ಆಗ ಕಾಯುವ ಮಾತೇ ಇರುವುದಿಲ್ಲ.

ಇಷ್ಟೂ ಸಾಲದೆಂದು ಈಗ ಕಾರ್ಡೇ ಊಹೆಗೆ ಇಳಿದಿದೆ. 549 ಡಾಲರಿನ 5070 ಕಾರ್ಡು ಹಿಂದಿನ 4090ಯಷ್ಟೇ ಓಡುತ್ತದೆ ಎಂದು ಎನ್ವಿಡಿಯಾದ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ಹೇಳಿದಾಗ ನಮ್ಮ ಜಗಲಿಯಲ್ಲಿ ಚಪ್ಪಾಳೆ ಬಿತ್ತು. ಮರ್ಮ ಇಷ್ಟೆ: ಕಾರ್ಡು ಒಂದು ಚಿತ್ರವನ್ನು ಲೆಕ್ಕ ಹಾಕಿ ಬಿಡಿಸುತ್ತದೆ, ಜೊತೆಗೆ ಮೂರರವರೆಗೆ ಚಿತ್ರಗಳನ್ನು ಎಐ ಅಂದಾಜಿನ ಮೇಲೆ ಸೇರಿಸುತ್ತದೆ.

"ಅಂದ್ರ ನೀ ಆಡೂದರಾಗ ಮುಕ್ಕಾಲು ಪಾಲು ಖರೇ ಅಲ್ಲ?" ಅಂದೆ.

"ಖರೇ ಇದ್ದಂಗನ ಕಾಣತೈತಪ್ಪಾ."

ಈ ನಡುವೆ ಅಂಗಡಿಯವರು ಫೋನ್ ಮಾಡಿದ್ದರು. ಎಐ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡು 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ದರ ನೆಗೆದಿತ್ತು. ಮೈಕ್ರಾನ್ ಕಂಪನಿ ನಮ್ಮಂಥ ಗಿರಾಕಿಗಳಿಗೆಂದೇ ಇದ್ದ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಆ ಡಿಸೆಂಬರಿನಲ್ಲೇ ಹೇಳಿತ್ತು. "ಇನ್ನ ಕಾದ್ರ ತುಟ್ಟಿ ಆಗತೈತ್ರಿ ಸರ, ಹುಡುಗಗ ಹೇಳ್ರಿ." ಹೇಳಿದೆ. ಮಗ ನಕ್ಕು, "ಹಂಗಾರ ಇಳಿಯೂತನ ತಡಿ" ಅಂದ.

ಎನ್ವಿಡಿಯಾ ತನ್ನ ಮುಂದಿನ ಪೀಳಿಗೆಗಳ ಹೆಸರನ್ನು 2025ರ ಮಾರ್ಚಿನ ಹೊತ್ತಿಗೇ ಹೇಳಿಬಿಟ್ಟಿದೆ: 2026ಕ್ಕೆ ರೂಬಿನ್, 2028ಕ್ಕೆ ಫೈನ್‌ಮನ್. ಅವು ಮೊದಲು ಹೋಗುವುದು ದೊಡ್ಡ ಎಐ ಕೇಂದ್ರಗಳಿಗೆ. ನಮ್ಮ ಜಗಲಿಗೆ ಆ ತಾರತಮ್ಯವಿಲ್ಲ. ಆದ್ದರಿಂದ, ಗುಟ್ಟು ಸೋರಿಸುವ ಮಹನೀಯರೇ, ನೀವು ಯಾವ ದೇಶದಲ್ಲಿದ್ದರೂ ಸರಿ, ನಿಮ್ಮಲ್ಲಿ ನನ್ನದೊಂದು ವಿನಂತಿ. ಫೈನ್‌ಮನ್ ಬಗ್ಗೆ ಈಗಿನಿಂದಲೇ ಏನಾದರೂ ಹೇಳಲು ಶುರು ಮಾಡಿ. ಮೆಮೊರಿ ಎಷ್ಟು ಬೇಕಾದರೂ ಹಾಕಿ, ನನ್ನ ತಕರಾರಿಲ್ಲ. ನನ್ನ ಠೇವಣಿಯ ಮುದ್ದತು ಮುಗಿಯುವುದೂ 2028ಕ್ಕೇ.