ಗೋಲೇ ಬೀಳದ ಡಿಫೆನ್ಸು

“ಈ ಸಲ ನಮ್ಮ ಬೆಂಗಳೂರು ಎಫ್‌ಸಿ ಡಿಫೆನ್ಸು ಹೇಗಿರತ್ತೆ, ಮೇಷ್ಟ್ರೇ?” ಎಂದು ಹನುಮಂತನಗರದ ಸೀನಣ್ಣ 2025ರ ಆಗಸ್ಟ್‌ನಲ್ಲಿ ಕೇಳಿದ ಎಂದಿಟ್ಟುಕೊಳ್ಳಿ. ಇಂಥ ಭದ್ರಕೋಟೆ ಹಿಂದೆಂದೂ ಇರಲಿಲ್ಲ ಎನ್ನಲೇಬೇಕು. ಭಾರತದ ಫುಟ್‌ಬಾಲ್ ಫೆಡರೇಷನ್ನಿಗೂ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸಂಘಟಕರಿಗೂ ನಡುವಿನ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು, ನವೀಕರಣವಾಗಿರಲಿಲ್ಲ. ಜುಲೈನಲ್ಲೇ ಐಎಸ್‌ಎಲ್‌ಗೆ ತಡೆ ಬಿತ್ತು, ಆಗಸ್ಟ್‌ನಲ್ಲಿ ಕ್ಲಬ್ಬು ಮೊದಲ ತಂಡದ ಸಂಬಳವನ್ನೂ ನಿಲ್ಲಿಸಿತು. ಆಟವೇ ಇಲ್ಲದ ಮೇಲೆ ಗೋಲು ಹೊಡೆಯುವವರು ಯಾರು?

“ತಮಾಷೆ ಬಿಡಿ. ಆರೂವರೆ ಅಡಿಯ ಗೋಲ್‌ಕೀಪರ್ ಗುರುಪ್ರೀತ್ ಇರುವಾಗ ಭಯವೇಕೆ?” ಎತ್ತರ ಸರಿ, ಆದರೆ ಡಿಫೆನ್ಸು ಗೋಲಿಯೊಬ್ಬನ ಕೆಲಸವಲ್ಲ. 2024-25ರ ಐಎಸ್‌ಎಲ್‌ನ ಮೊದಲ ಐದು ಪಂದ್ಯಗಳಲ್ಲಿ ತಂಡ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಆಮೇಲೂ ಅದೇ ಗೋಲಿ, ಅದೇ ಎತ್ತರ, ಗೋಲುಗಳು ಮಾತ್ರ ಬೀಳತೊಡಗಿದವು. ಆ ಸೀಸನ್‌ನ ಏಪ್ರಿಲ್ 12ರ ಫೈನಲ್ ನೋಡಿ: ಮೋಹನ್ ಬಗಾನ್‌ನ ಸ್ವಂತ ಗೋಲಿನ ಉಡುಗೊರೆಯಿಂದ ಮುನ್ನಡೆ ಸಿಕ್ಕಿತ್ತು. 72ನೇ ನಿಮಿಷದ ಪೆನಾಲ್ಟಿಗೆ ಅದು ಹೋಯಿತು, 96ನೇ ನಿಮಿಷಕ್ಕೆ ಕಪ್ಪೂ ಹೋಯಿತು. “ಪೆನಾಲ್ಟಿಗೆ ಮುಂಚೆ ಚೆಂಡು ನಮ್ಮವರ ಕೈಗೆ ತಾಗಿದ್ದು ದುರದೃಷ್ಟ ಕಣ್ರೀ!” ಒಪ್ಪೋಣ. ಬಗಾನ್‌ನ ಮೆಕ್ಲಾರೆನ್ ಹೊಡೆದ ಎರಡನೇ ಗೋಲು ಯಾರ ಕೈಗೂ ತಾಗಿರಲಿಲ್ಲವಲ್ಲ! ಮುನ್ನಡೆ ಕೈಯಲ್ಲಿದ್ದಾಗ ಅದನ್ನು ಕಾಯುವುದು ನಾಲ್ವರು ಡಿಫೆಂಡರ್‌ಗಳ ತಲೆನೋವಷ್ಟೇ ಅಲ್ಲ. ಮಿಡ್‌ಫೀಲ್ಡು ಚೆಂಡು ಬಿಟ್ಟುಕೊಟ್ಟರೆ ಹಿಂದಿನವರು ಎಷ್ಟು ಹೊತ್ತು ತಡೆದಾರು? ನಲವತ್ತರ ಸ್ಟ್ರೈಕರ್ ಸುನಿಲ್ ಛೆಟ್ರಿ ಆ ಸೀಸನ್‌ನಲ್ಲಿ 14 ಗೋಲು ಹೊಡೆದು ಹಿಂದಿನ ತೂತುಗಳನ್ನು ಮುಚ್ಚಿದರು. ಹೊಸ ಡಿಫೆಂಡರ್ ಬೇಕೆಂದರೆ ಆ ನಿಂತ ಸಂಬಳದ ಪ್ರಶ್ನೆ.

“ಹಾಗಾದ್ರೆ ಸೀಸನ್ ಟಿಕೆಟ್ ತಗೊಳ್ಳಲಾ?”

“ಸೀಸನ್ ಬರಲಿ, ಸೀನಣ್ಣ.”