ನಮ್ಮ ಅಂಬಾಸಿಡರಿನ ಟಕಟಕ

ಐವತ್ತು ದಾಟಿದ ಮನುಷ್ಯನಿಗೆ ಸಿಗುವುದು ಶುಗರ್ ಟೆಸ್ಟ್. ಐವತ್ತು ದಾಟಿದ ಕಾರಿಗೆ ಸಿಗುವುದು ಬಿರುದು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪ ಕೆಡದ ಸ್ವಂತ ಬಳಕೆಯ ಕಾರು ‘ವಿಂಟೇಜ್’. 20,000 ರೂಪಾಯಿ ಕಟ್ಟಿದರೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂದು ಬರೆಸಿಕೊಂಡು ಮೆರೆಯಬಹುದು. ಮಾವನವರಿಂದ ನಮಗೆ ಬಂದ 1972ರ ಅಂಬಾಸಿಡರ್ ಮಾರ್ಕ್ 2 ಈ ಬಿರುದಿಗೆ ಅರ್ಹವಾಗುವ ಹೊತ್ತಿಗೆ ಸರಿಯಾಗಿ ಬಾನೆಟ್ಟಿನೊಳಗಿಂದ ಟಕಟಕ ಎನ್ನತೊಡಗಿತು.

ಕಾರಿಗೆ ಸದ್ದು ಬಂದರೆ ಇಡೀ ಬೀದಿಗೆ ಕಿವಿ ಬರುತ್ತದೆ. ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಗೇಟಿನಾಚೆಯಿಂದಲೇ ‘ಬೇರಿಂಗ್ ಹೋಗಿದೆ’ ಎಂದು ತೀರ್ಪು ಕೊಟ್ಟರು. ಯಾವ ಬೇರಿಂಗ್ ಎಂದು ಕೇಳಿದ್ದಕ್ಕೆ, ಸಾಲದ ಅರ್ಜಿ ನೋಡುವ ಮುಖ ಮಾಡಿ, ‘ಅದನ್ನ ಬಿಚ್ಚಿ ನೋಡಬೇಕಪ್ಪ’ ಎಂದರು. ಮನೆಯ ಗ್ಯಾಸ್ ಸಿಲಿಂಡರನ್ನೂ ಇಳಿಸಿ ಗೊತ್ತಿಲ್ಲದ ಭಾವಮೈದ, ‘ಭಾವ, ಇಂಜಿನ್ ಇಳಿಸಿಬಿಡಿ’ ಎಂದ. ಅಮೆರಿಕದಲ್ಲಿರುವ ಅಣ್ಣನ ಮಗ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಲು ಹೇಳಿದ. ಕಳಿಸಿದ್ದಕ್ಕೆ, ‘ಚಿಕ್ಕಪ್ಪ, ಕುಕ್ಕರ್ ವಿಷಲ್ಲು ತುಂಬಾ ಚೆನ್ನಾಗಿ ಬಂದಿದೆ’ ಎಂದು ಉತ್ತರ ಬರೆದ.

ಊರಿಂದ ಬಂದಿದ್ದ ಸೋದರತ್ತೆ ಮಾತ್ರ ಕಾಯಿಲೆ ಯಾವುದೆಂದು ಕೇಳದೆ ಔಷಧ ಹೇಳಿದರು: ‘ಕೀಲಿಗೆ ಒಂದಿಷ್ಟು ಹರಳೆಣ್ಣೆ ಬಿಡೋ. ನಮ್ಮ ಗಾಡಿಗೆ ಅದನ್ನೇ ಹಾಕ್ತಿದ್ದಿದ್ದು.’ ಎಲ್ಲರೂ ನಕ್ಕರು. ನಗುವ ಮಾತೇನಲ್ಲ. ಮೊದಲನೇ ಮಹಾಯುದ್ಧದ ಎಷ್ಟೋ ವಿಮಾನಗಳ ರೋಟರಿ ಇಂಜಿನ್ನುಗಳು ತಿರುಗಿದ್ದು ಹರಳೆಣ್ಣೆಯಿಂದಲೇ. ಇಂಜಿನ್ನು ಉಗುಳಿದ ಎಣ್ಣೆಯ ಹನಿಗಳನ್ನು ನುಂಗುತ್ತ ಹಾರಿದ ಪೈಲಟ್‌ಗಳ ಹೊಟ್ಟೆಯ ಪಾಡೇನಾಯಿತು ಎಂಬುದನ್ನು, ಬಾಲ್ಯದಲ್ಲಿ ಮೂಗು ಹಿಡಿಸಿಕೊಂಡು ಹರಳೆಣ್ಣೆ ಕುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಡೆಗೆ ಕಾರು ಹೋದದ್ದು ಮೇಸ್ತ್ರಿಯ ಹತ್ತಿರ. ಅಂಬಾಸಿಡರುಗಳ ಅಡಿಯಲ್ಲೇ ಮಲಗೆದ್ದು ತಲೆ ನೆರೆಸಿಕೊಂಡವರು. ‘ಸದ್ದು ಹೆಂಗೆ ಬರುತ್ತೆ ಸಾರ್, ಮಾಡಿ ತೋರಿಸಿ’ ಎಂದರು. ಗ್ಯಾರೇಜಿನ ನಡುಮಧ್ಯೆ, ಟೀ ಕುಡಿಯುತ್ತಿದ್ದ ಹುಡುಗರ ಎದುರು, ಇಸ್ತ್ರಿ ಷರ್ಟು ತೊಟ್ಟ ನಾನು ಟಕ್ ಟಕ್ ಟಕ್ ಎಂದೆ. ‘ಸಣ್ಣಗೋ, ದಪ್ಪಗೋ?’ ದನಿ ತೆಳುಮಾಡಿ ಇನ್ನೊಮ್ಮೆ ಟಕ್ಕೆಂದೆ. ‘ರೇಸ್ ಕೊಟ್ರೆ?’ ವೇಗ ಹೆಚ್ಚಿಸಿದೆ. ಹುಡುಗರ ಟೀ ಆರಿಹೋಯಿತು.

ಇದು ತಮಾಷೆಯಲ್ಲ, ಶಾಸ್ತ್ರ. ಮೇಲಿನಿಂದ ತೆಳ್ಳಗೆ ಟಿಕಟಿಕ ಎಂದರೆ ವಾಲ್ವಿನ ಟ್ಯಾಪೆಟ್. ಇಂಜಿನ್ನು ಎರಡು ಸುತ್ತು ತಿರುಗಿದಾಗ ವಾಲ್ವು ಒಂದು ಸಲ ತೆರೆಯುವುದರಿಂದ ಅದರ ಟಿಕಟಿಕ ಇಂಜಿನ್ನಿನ ಅರ್ಧ ವೇಗದಲ್ಲಿರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಟಪಟಪ ಎಂದು, ಬಿಸಿಯಾದ ಮೇಲೆ ಅಡಗಿದರೆ ಪಿಸ್ಟನ್ನು ಬೋರಿಗೆ ಬಡಿಯುತ್ತಿದೆ. ಏರು ಹತ್ತುವಾಗ ಟೊಕ್ ಟೊಕ್ ಎಂದು ಗಟ್ಟಿಯಾದರೆ ಬಿಗ್ ಎಂಡ್ ಬೇರಿಂಗ್. ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಾಗ ಯಾವ ಸಿಲಿಂಡರಿನಲ್ಲಿ ಸದ್ದು ಕುಗ್ಗಿತೋ ಅಲ್ಲೇ ಕಳ್ಳ. ತಳದಿಂದ ಗುಡುಗುಡು ಎಂದು, ಆಯಿಲ್ ಪ್ರೆಶರೂ ಬಿದ್ದಿದ್ದರೆ ಮೇನ್ ಬೇರಿಂಗ್. ಆಗ ಕಿವಿಯ ಮೇಲಿದ್ದ ಕೈಯನ್ನು ಪರ್ಸಿನ ಮೇಲೆ ಇಟ್ಟುಕೊಳ್ಳುವುದು ಕ್ಷೇಮ.

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಆ 1489 ಸಿಸಿ ಇಂಜಿನ್ನಿನ ಉದ್ದಗಲವನ್ನು ನಾಡಿವೈದ್ಯರ ಹಾಗೆ ಹುಡುಕುತ್ತ ಹೋದರು. ಆಮೇಲೆ ಗೇಜು ಹಚ್ಚಿ ನೋಡಿದರು. ‘ಪ್ರೆಶರ್ ಚೆನ್ನಾಗಿದೆ, ತಳಕ್ಕೇನೂ ಆಗಿಲ್ಲ. ಮೇಲ್ಗಡೆನೇ ಇದೆ ಸಾರ್.’

ಪ್ರೆಶರ್ ನೋಡಿದ್ದಕ್ಕೂ ಕಾರಣವಿದೆ. ಓಡುವ ಇಂಜಿನ್ನಿನಲ್ಲಿ, ತಳದಲ್ಲಿ ತಿರುಗುವ ಕ್ರ್ಯಾಂಕು ಬೇರಿಂಗನ್ನು ಮುಟ್ಟುವುದೇ ಇಲ್ಲ; ನಡುವೆ ಎಣ್ಣೆಯ ತೆಳುಪದರವೊಂದು ಅದನ್ನು ಎತ್ತಿ ಹಿಡಿದಿರುತ್ತದೆ. ಇದು ಲೋಕಕ್ಕೆ ತಿಳಿದದ್ದು ಒಂದು ಸೋರಿಕೆಯಿಂದ. ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಇಂಜಿನಿಯರು ರೈಲು ಗಾಲಿಯ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಬಿಡಲೆಂದು ಒಂದರ ನೆತ್ತಿಯಲ್ಲಿ ತೂತು ಕೊರೆದರು. ಒಳಗಿದ್ದ ಎಣ್ಣೆಯೇ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಬಿರಡೆಯೇ ಎದ್ದು ಬಂತು. ಗೇಜಿಟ್ಟು ನೋಡಿದರೆ ಚದರ ಇಂಚಿಗೆ 200 ಪೌಂಡಿಗೂ ಮೀರಿದ ಒತ್ತಡ! 1883ರಲ್ಲಿ ಅವರ ವರದಿ ಬಂತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಬರೆದರು. ಎಣ್ಣೆಯನ್ನು ತಲುಪಿಸುವುದು ಪಂಪಿನ ಕೆಲಸ, ಅದರ ಮೇಲೆ ತೇಲುವುದು ಕ್ರ್ಯಾಂಕಿನ ಕೆಲಸ. ತಲುಪದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಮಾತಾಡುತ್ತದೆ.

ಮೇಸ್ತ್ರಿ ರಾಕರ್ ಕವರ್ ಬಿಚ್ಚಿ ಇಂಜಿನ್ ಚಾಲೂ ಮಾಡಿಸಿದರು. ವಾಲ್ವುಗಳನ್ನು ಒತ್ತುವ ಎಂಟು ರಾಕರುಗಳು ಕುಣಿಯುತ್ತಿದ್ದವು. ಏಳರ ಮೈಮೇಲೆ ಎಣ್ಣೆ ಜಿನುಗಿ ಹೊಳೆಯುತ್ತಿತ್ತು. ಎಂಟನೆಯದು ಒಣಗಿ ಕಪ್ಪಿಟ್ಟಿತ್ತು. ಶಾಫ್ಟ್ ಇಳಿಸಿ ನೋಡಿದರೆ ಎಣ್ಣೆ ಬರುವ ತೂತಿಗೆ ಜಿಡ್ಡು ಕಟ್ಟಿತ್ತು. ಸ್ಕೂಟರಿನ ಹಳೇ ಕ್ಲಚ್ ಕೇಬಲಿನಿಂದ ಒಂದು ಎಳೆ ಕಿತ್ತು, ತೂತಿಗೆ ತೂರಿಸಿ ತಿರುವಿದರು. ಸೀಮೆಎಣ್ಣೆ ಹುಯ್ದರು. ಮತ್ತೆ ಜೋಡಿಸಿ, ಫೀಲರ್ ಗೇಜ್ ಹಿಡಿದು, ಪ್ರತಿ ಟ್ಯಾಪೆಟ್ಟಿಗೂ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಪಾಲು, ಸಂದು ಬಿಟ್ಟರು.

‘ಸದ್ದೇ ಬರದ ಹಾಗೆ ಟೈಟ್ ಮಾಡ್ಬಿಡಿ’ ಎಂದ ಜೊತೆಗಿದ್ದ ಭಾವಮೈದ.

‘ಸದ್ದು ಮಾಡೋ ಟ್ಯಾಪೆಟ್ಟಿಂದ ಕಿವಿಗೆ ತೊಂದ್ರೆ ಸಾರ್. ಸದ್ದೇ ಮಾಡದ ಟ್ಯಾಪೆಟ್ಟಿಂದ ಇಂಜಿನ್ನಿಗೇ ತೊಂದ್ರೆ’ ಎಂದರು ಮೇಸ್ತ್ರಿ. ಸಂದು ತೀರ ಕಮ್ಮಿಯಾದರೆ ವಾಲ್ವು ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಅದರ ಕಾವೆಲ್ಲ ಹೆಡ್ಡಿಗೆ ಇಳಿಯುವುದು ಮುಖ್ಯವಾಗಿ ಹಾಗೆ ಕೂತಾಗಲೇ. ಕೂರಗೊಡದಿದ್ದರೆ ಯಾರಿಗೂ ದೂರು ಹೇಳದೆ ಸುಟ್ಟುಹೋಗುತ್ತದೆ. ಹಳೇ ಕಾರಿನ ವಿಷಯದಲ್ಲಿ ಗೊಣಗುವುದು ಆರೋಗ್ಯದ ಲಕ್ಷಣ, ಮೌನಕ್ಕೇ ಹೆದರಬೇಕು ಎಂಬ ಸಂಗತಿ ಭಾವಮೈದನಿಗೆ ಹಿಡಿಸಲಿಲ್ಲ. ಮದುವೆಯಾಗಿ ಮೂವತ್ತು ವರ್ಷವಾದ ನನಗೆ ಥಟ್ಟನೆ ಅರ್ಥವಾಯಿತು.

ಕಾರು ಮನೆಗೆ ಬಂದಾಗ ಟಕಟಕ ಹೋಗಿ, ಹೊಲಿಗೆ ಮಿಷನ್ನಿನಷ್ಟು ಟಿಕಟಿಕ ಮಾತ್ರ ಉಳಿದಿತ್ತು. ಮ್ಯಾನೇಜರಿಗೆ ನಿರಾಸೆಯಾಯಿತು. ಬಗ್ಗಿ ಅಡಿಗೆ ನೋಡಿದವರು ಗೆಲುವಾಗಿ ಎದ್ದರು: ‘ಆಯಿಲ್ ಸೋರ್ತಿದೆಯಲ್ರೀ!’ ಹೌದು, ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ಟಿನ ಅಂಚಿನಿಂದ, ಎಂಟನೇ ರಾಕರಿನ ಮಗ್ಗುಲಲ್ಲೇ ಎಣ್ಣೆ ಹನಿಯುತ್ತಿತ್ತು. ಮೇಸ್ತ್ರಿಗೆ ಫೋನ್ ಮಾಡಿದೆ.

‘ಎಂಟನೇದ್ರ ಹತ್ರಾನಾ? ಒಳ್ಳೇದಾಯ್ತು ಬಿಡಿ ಸಾರ್. ಅಲ್ಲಿ ತನಕ ಆಯಿಲ್ ಬರ್ತಿದೆ ಅಂತ ಗ್ಯಾರಂಟಿ ಆಯ್ತು. ಗ್ಯಾಸ್ಕೆಟ್ಟಿಗೆ ಬರೋ ವಾರ ಬನ್ನಿ.’

ಟವರ್ ಸಾಹೇಬರು ಕಂಡದ್ದೂ ಇದನ್ನೇ. ಗ್ಯಾಸ್ಕೆಟ್ಟಿನ ದುಡ್ಡು ಬೇರೆ ಎಂದು ಮಾತ್ರ ಅವರು ಹೇಳಿರಲಿಲ್ಲ.